ಗುರುವಾರದ ಅಕ್ಕ

ನನ್ನ ಕೀಮೋಥೆರಪಿಯ ಬಿಲ್ಲನ್ನು ಕಂಪನಿಯ ಇನ್ಶೂರೆನ್ಸ್ ಕಟ್ಟುತ್ತಿತ್ತು. ಆದರೆ ಡ್ರಿಪ್ ಹಾಕಿರುವಷ್ಟು ಹೊತ್ತೂ ರೋಗಿಯ ಜೊತೆ ಒಬ್ಬರು ಕೂತಿರಲೇಬೇಕು ಎಂಬುದು ಆಸ್ಪತ್ರೆಯ ನಿಯಮ. ಆ ಒಬ್ಬರನ್ನು ಯಾವ ಇನ್ಶೂರೆನ್ಸೂ ಕೊಡುವುದಿಲ್ಲ. ಗುರುಗ್ರಾಮದ ಫ್ಲ್ಯಾಟಿನಲ್ಲಿ ನಾನು ಒಬ್ಬಳೇ. ಆಫೀಸಿನವರಿಗೆ ಬೆನ್ನುನೋವು ಎಂದು ಹೇಳಿ, ಕ್ಯಾಮೆರಾ ಆಫ್ ಮಾಡಿಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಾಲ್ಕು ಜನರ ಕೈಲಿ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಮೊದಲ ಸಲ ಕ್ಯಾಬ್ ಓಡಿಸುವ ಭಯ್ಯಾನಿಗೆ ವೇಯ್ಟಿಂಗ್ ಚಾರ್ಜ್ ಕೊಟ್ಟು, ‘ನಮ್ಮಣ್ಣ’ ಎಂದು ಸುಳ್ಳು ಹೇಳಿ ಕೂರಿಸಿಕೊಂಡಿದ್ದೆ. ಎರಡನೇ ಸಲ ಬಾಡಿಗೆ ಅಣ್ಣನೂ ಸಿಗಲಿಲ್ಲ.

“ಮೇಡಂ, ಆಪ್ ಕೆ ಸಾಥ್ ಕೌನ್ ಹೈ?” ಎಂದು ನರ್ಸ್ ಕೇಳಿದಳು. ಜೊತೆಗೆ ಯಾರೂ ಇಲ್ಲದಿದ್ದರೆ ಇವತ್ತು ಔಷಧಿ ಕೊಡಲಾಗುವುದಿಲ್ಲ ಎಂದಳು.

“ಇವರಪ್ಪನ ಮನೆ ಗಂಟೇನು ಹೋಗುತ್ತೆ,” ಎಂದು ನಾನು ಗೊಣಗಿದೆ.

“ನಾನಿದ್ದೀನಿ, ನೀನು ಮಲಕ್ಕೋ,” ಎಂದು ಪಕ್ಕದಿಂದ ಕನ್ನಡ ಕೇಳಿಸಿತು. ಬೋಳು ತಲೆಗೆ ಹತ್ತಿಬಟ್ಟೆ ಸುತ್ತಿಕೊಂಡಿದ್ದ ಹೆಂಗಸು, ರಕ್ತಪರೀಕ್ಷೆಗೆ ಬಂದಿದ್ದರು. ಕೇಂದ್ರ ಸರ್ಕಾರದ ಕಚೇರಿಯಿಂದ ನಿವೃತ್ತರಾದವರು, ಗಂಡ ಇಲ್ಲ, ಮಕ್ಕಳೂ ಇಲ್ಲ. ನನ್ನದೇ ಕಾಯಿಲೆ, ನನ್ನದೇ ತಾಪತ್ರಯ. ನರ್ಸಿಗೆ, “ಮೇರಿ ಬೆಹನ್ ಹೈ,” ಎಂದು ನನ್ನನ್ನು ತಂಗಿ ಮಾಡಿಕೊಂಡುಬಿಟ್ಟರು.

“ನಿಂದು ಮಂಗಳವಾರ, ನಂದು ಗುರುವಾರ. ನಿನಗೆ ನಾನು, ನನಗೆ ನೀನು. ಚಲೋ, ಮುಗೀತು. ಅಳು ಬಂದ್ರೆ ಅತ್ತುಬಿಡು, ನಾನು ಆ ಕಡೆ ನೋಡ್ತೀನಿ.”

ಹಾಗೆಯೇ ನಡೆಯಿತು. ಅವರು ಥರ್ಮಾಸಿನಲ್ಲಿ ಗಂಜಿ ತರುತ್ತಿದ್ದರು. ಉಪ್ಪಿಲ್ಲ ಎಂದು ನಾನು ಕೊಂಕು ತೆಗೆಯುತ್ತಿದ್ದೆ.

ನನ್ನ ಚಿಕಿತ್ಸೆ ಮೊದಲು ಮುಗಿಯಿತು. ವಿಗ್ ಹಾಕಿಕೊಂಡು ಆಫೀಸಿಗೆ ಹೋಗತೊಡಗಿದೆ. ಅಕ್ಕನದು ಇನ್ನೂ ಬಾಕಿ ಇತ್ತು, ಅವರ ಒಂದು ಗುರುವಾರವೇ ಆಫೀಸಿನಲ್ಲಿ ದೊಡ್ಡ ಮೀಟಿಂಗೂ ಬಂತು. ನಾನು ಹೋಗದಿದ್ದರೆ ಅವರಿಗೆ ಡ್ರಿಪ್ ಹಾಕುವುದಿಲ್ಲ. ಮ್ಯಾನೇಜರ್ ಮುಂದೆ ನಿಂತು, “ನನ್ನ ಅಕ್ಕನಿಗೆ ಕ್ಯಾನ್ಸರ್, ಜೊತೆಗೆ ನಾನು ಇರಬೇಕು,” ಎಂದೆ. ಆ ಪದವನ್ನು ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಕೆ ಕುರ್ಚಿಯಿಂದ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಮೀಟಿಂಗ್ ಮುಂದೆ ಹೋಯಿತು. ಮಧ್ಯಾಹ್ನದೊಳಗೆ ಆಫೀಸಿಗೆಲ್ಲ ಸುದ್ದಿ ಹರಡಿ, ಒಬ್ಬ ಕಾರು ಕಳಿಸುತ್ತೇನೆಂದ, ಇನ್ನೊಬ್ಬ ಔಷಧಿಯ ಖರ್ಚಿಗೆ ನೆರವು ಕೊಡುವ ಟ್ರಸ್ಟೊಂದರ ವಿಳಾಸ ಕಳಿಸಿದ. ಪಕ್ಕದ ಸೀಟಿನ ಹುಡುಗಿ, “ನೀವು ಸುಸ್ತಾದ ದಿನ ನಾನು ಹೋಗಿ ಕೂರ್ತೀನಿ,” ಎಂದಳು. ಇವರೆಲ್ಲ ಒಂದು ಫೋನಿನ ದೂರದಲ್ಲಿದ್ದಾಗ ನಾನು ಬಾಡಿಗೆ ಅಣ್ಣನನ್ನು ಹುಡುಕುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚಾಯಿತು.

ಸಂಜೆ ಲಿಫ್ಟಿನಲ್ಲಿ ಮ್ಯಾನೇಜರ್ ಸಿಕ್ಕಿದರು.

“ಅಚ್ಛಾ, ಅಕ್ಕನ ಗಲಾಟೆಯಲ್ಲಿ ಕೇಳೋದೇ ಮರೆತೆ. ನಿಮ್ಮ ಬೆನ್ನುನೋವು ಹೇಗಿದೆ?”

“ವಾಸಿಯಾಯ್ತು,” ಎಂದು ವಿಗ್ ಸರಿಮಾಡಿಕೊಂಡೆ.