ಚೌಳುಕೆರೆಗೆ ಹೋದ ಭಾನುವಾರ

ಧಡ್... ಧಡ್... ಪೀಣ್ಯದ ಆ ವಠಾರಕ್ಕೆ ಬೆಳಗಾಗುತ್ತಿದ್ದದ್ದು ಹಿಂದಿನ ಕಾರ್ಖಾನೆಯ ಪ್ರೆಸ್ಸಿನ ಸದ್ದಿನಿಂದ. ಭಾನುವಾರವೂ ಅದಕ್ಕೆ ಬಿಡುವಿರಲಿಲ್ಲ. ಪುಟ್ಟಣ್ಣನಿಗೆ ಮಾತ್ರ ಈಚೆಗೆ ಆ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಿಳಿಯುತ್ತಿತ್ತು.

ತಗಡು ಒತ್ತುವ ಆ ಪ್ರೆಸ್ಸಿನ ಮುಂದೆ ಅವನು ಬಂದು ನಿಂತದ್ದು ಮದುವೆಗೆ ಮೊದಲು. ಈಗ ಮಗಳು ಹೈಸ್ಕೂಲಿನಲ್ಲಿದ್ದಳು. ಪ್ರೆಸ್ ಶಾಪಿನಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತಾರೆ, ಉಳಿದದ್ದನ್ನು ಕೈಯಲ್ಲಿ ಹೇಳುತ್ತಾರೆ. ಯಾರಿಗೆ ಕೇಳಿಸುತ್ತದೆ, ಯಾರಿಗಿಲ್ಲ ಎಂಬುದು ಅಲ್ಲಿ ಗೊತ್ತೇ ಆಗುವುದಿಲ್ಲ. ಕೇಳಿಸದ್ದನ್ನೆಲ್ಲ ಮಷಿನ್ನಿನ ಮೇಲೆ ಹಾಕಿಬಿಡುತ್ತಿದ್ದರು. ಹೆಂಡತಿ ವತ್ಸಲಾ ಬೆನ್ನ ಹಿಂದಿನಿಂದ ಕರೆದು ಕರೆದು ಸೋತು ಎದುರಿಗೆ ಬಂದು ನಿಂತಾಗಲೂ ಪುಟ್ಟಣ್ಣ, "ಹಿಂದ್ಗಡೆ ಪ್ರೆಸ್ ನಡೀತಿದೆ ಕಣೇ" ಅನ್ನುತ್ತಿದ್ದ.

ಸೋಮವಾರ ಕಾರ್ಖಾನೆಯಲ್ಲಿ ಕಿವಿ ಪರೀಕ್ಷೆ. ಕೇಳಿಸದವರನ್ನು ಪ್ರೆಸ್ಸಿನಿಂದ ಎತ್ತಿ ಬೇರೆ ಕಡೆ ಹಾಕುತ್ತಾರಂತೆ. ಪಕ್ಕದ ಮಷಿನ್ನಿನ ರಾಮಪ್ರಸಾದ ಉಪಾಯ ಹೇಳಿಕೊಟ್ಟಿದ್ದ. "ನರ್ಸಮ್ಮನ ಬೆರಳು ನೋಡ್ತಾ ಇರು ಗುರು. ಅವ್ಳು ಸದ್ದಿನ ಬಟನ್ ಒತ್ತಿದಾಗ ನೀನೂ ಕೈ ಎತ್ತು. ಹೆಂಗಿದ್ರೂ ಹೆಂಗಸ್ರನ್ನ ನೋಡೋಕೆ ನಿಂಗೆ ಹೇಳ್ಕೊಡ್ಬೇಕಾ?"

ಪುಟ್ಟಣ್ಣ ನಕ್ಕಿದ್ದ. ಆದರೆ ಅದಕ್ಕೆ ಮೊದಲು ತನಗೊಮ್ಮೆ ಖಾತ್ರಿಯಾಗಬೇಕಿತ್ತು. ಮಷಿನ್ನೇ ಇಲ್ಲದ ಕಡೆ ಒಂದು ಹಗಲು ಕೂತರೆ ಕಿವಿ ಬಿಟ್ಟುಕೊಳ್ಳಬಹುದು ಅನ್ನಿಸಿತು. ಮನೆಯಲ್ಲಿ ಏನೋ ಒಂದು ನೆಪ ಹೇಳಿ ಆನೇಕಲ್ ಬಸ್ಸು ಹತ್ತಿದ. ಅಲ್ಲಿಂದಾಚೆಗೆ, ಹಕ್ಕಿಗಳಿಗೆಂದು ಅರಣ್ಯ ಇಲಾಖೆಯವರು ಬೇಲಿ ಹಾಕಿದ್ದ ಚೌಳುಕೆರೆಗೆ ನಡೆದೇ ಹೋದ.

ಬೇಲಿಯ ಬಳಿ ಕಾವಲುಗಾರ ಹನುಮಯ್ಯ ಬೀಡಿ ಆರಿಸಿ ಎದ್ದು ನಿಂತ. "ನೋಡ್ಕಂಡ್ ಓಗಿ ಸಾರ್. ತೇನೆಹಕ್ಕಿ ಮೊಟ್ಟೆ ಇಕ್ಕೈತೆ, ಬರೀ ನೆಲದ್ ಮ್ಯಾಲೆ. ನಾನು ಕಾಯೋದೇ ಬ್ಯಾಡ. ಅತ್ರ ಓದ್ರೆ ಅದೇ ಬಡ್ಕೊಳ್ತೈತೆ. ಕೇಳಿದ್ ಕೂಡ್ಲೆ ಇಂದಕ್ ಬಂದ್ಬಿಡಿ."

ಬೇಸಿಗೆಗೆ ನೀರು ನಡುವಿಗೆ ಸರಿದು ಹೋಗಿತ್ತು. ಸುತ್ತಲೂ ಬಿರಿದ ನೆಲ, ಅದರ ಮೇಲೆ ಬೂದಿ ಚೆಲ್ಲಿದ ಹಾಗೆ ಉಪ್ಪು. ಪುಟ್ಟಣ್ಣ ಜಾಲಿ ಮರದ ಕೆಳಗೆ ಕೂತು ಕಣ್ಣು ಮುಚ್ಚಿದ. ಕಿವಿಯೊಳಗೆ ಸಣ್ಣದೊಂದು ಶಿಳ್ಳೆ. ಇಷ್ಟು ವರ್ಷ ಅದನ್ನು ಮಷಿನ್ನಿನದೆಂದೇ ತಿಳಿದಿದ್ದ. ಇಲ್ಲಿ ಮಷಿನ್ನಿರಲಿಲ್ಲ. ಶಿಳ್ಳೆ ಇತ್ತು.

ಕಣ್ಣು ತೆರೆದರೆ ದೂರದ ನೀರಂಚಿನಲ್ಲಿ ಹಕ್ಕಿಗಳ ಸಾಲು. ದೂರವಾದ್ದರಿಂದ ಕೇಳಿಸುತ್ತಿಲ್ಲ ಎಂದುಕೊಂಡು ಎದ್ದು ಅತ್ತ ನಡೆದ. ಇನ್ನೂ ಸ್ವಲ್ಪ ಹತ್ತಿರ, ಇನ್ನೂ ಸ್ವಲ್ಪ. ಮುಖದ ಮೇಲೆ ನೆರಳೊಂದು ಹಾದುಹೋಯಿತು. ತಲೆಯೆತ್ತಿದ. ಉದ್ದ ಕಾಲಿನ ಹಕ್ಕಿಯೊಂದು ಅವನ ನೆತ್ತಿಯ ಮೇಲೆಯೇ ಸುತ್ತುತ್ತಿತ್ತು. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮಷಿನ್ನಿನಾಚೆ ನಿಂತವನ ತುಟಿ ಓದುವ ಹಾಗೆ ಪುಟ್ಟಣ್ಣ ಆ ಕೊಕ್ಕನ್ನೇ ನೋಡುತ್ತ ಇನ್ನೊಂದು ಹೆಜ್ಜೆ ಇಟ್ಟ.

ಹೆಗಲ ಮೇಲೆ ಕೈ ಬಿತ್ತು. ಏದುಸಿರು ಬಿಡುತ್ತ ಹನುಮಯ್ಯ ಅವನನ್ನು ತನ್ನ ಕಡೆಗೆ ತಿರುಗಿಸಿಕೊಂಡ. "ಅವಾಗ್ಲಿಂದ ಕೂಗ್ತಾವ್ನಿ ನಾನೂ. ಅದಂತೂ ಗಂಟ್ಲು ಅರ್ಕೊಂತೈತೆ. ಕಾಲ್ ತಗೀರಿ."

ಮಣ್ಣಿನ ಬಣ್ಣದ ಮೊಟ್ಟೆಗಳು, ನೆಲಕ್ಕೂ ಅವಕ್ಕೂ ವ್ಯತ್ಯಾಸವೇ ತಿಳಿಯದಂತಿದ್ದವು. ಒಂದು ಅವನ ಚಪ್ಪಲಿಯ ಅಡಿ ಒಡೆದಿತ್ತು.

"ನಂಗೆ ಕೇಳ್ಸಲಿಲ್ಲಪ್ಪ," ಅಂದ ಪುಟ್ಟಣ್ಣ.

ಹನುಮಯ್ಯನ ಸಿಟ್ಟು ಇಳಿಯಿತು. "ಇಷ್ಟ್ ಗಲಾಟೇನೂ ಕೇಳ್ನಿಲ್ವಾ ಸಾರ್?"

"ಇಲ್ಲ. ನಾಳೆ ಡಾಕ್ಟ್ರಿಗೂ ಇದೇ ಹೇಳ್ತೀನಿ. ಪ್ರೆಸ್ಸಿಂದ ತೆಗೆದ್ರೆ ತೆಗೀಲಿ. ಸ್ಟೋರಿಗೋ ಗೇಟಿಗೋ ಹಾಕ್ತಾರೆ, ಆದ್ರೆ ಮನೇಲಿ ವತ್ಸಲಂಗೆ ನಾನು ಇವತ್ತೇ ಹೇಳ್ಬೇಕು, ಪ್ರೆಸ್ಸಲ್ಲ, ನನ್ ಕಿವೀನೇ ಅಂತ," ಎನ್ನುತ್ತ ಅವನು ಒಂದೊಂದೇ ಹೆಜ್ಜೆಗೂ ನೆಲ ನೋಡಿಕೊಂಡು ಬೇಲಿಯ ಕಡೆಗೆ ನಡೆದ.