ಅನ್ನದ ಬೋಸಿಯಲ್ಲಿ ಸಿಕ್ಕ ನೂಲು

ಕದ್ದ ಮಾಲನ್ನು ಅಕ್ಕಿಯಲ್ಲಿ ಹೂತು, ಊಟದ ಬೋಸಿಯಲ್ಲಿಟ್ಟು, ಅದನ್ನು ಎದೆಗೊತ್ತಿಕೊಂಡು ನೇರವಾಗಿ ಕಾವಲುಗಾರನ ಮುಂದೆಯೇ ನಡೆದು ಬರುವ ಕಳ್ಳರು ಯಾರಾದರೂ ಇದ್ದಾರೆಯೇ? ಪಳನಿಯಮ್ಮ ಹಾಗೆಯೇ ಬಂದಳು. ಕೊಯಮತ್ತೂರಿನ ಬಳಿ ತುಡಿಯಲೂರಿನ ಆಚೆಯ ಬಟ್ಟೆ ಮಿಲ್ಲಿನಲ್ಲಿ ಮದುವೆಗೆ ಮುಂಚಿನಿಂದಲೂ ಮಗ್ಗ ಓಡಿಸಿದವಳು ಅವಳು. ಗೇಟಿನಲ್ಲಿ ಕಾವಲುಗಾರ ದೇವರಾಜನ್ ಎಂದಿನಂತೆ ಬೋಸಿಯ ಮುಚ್ಚಳ ತೆಗೆದ. ಒಳಗೆ ಒಂದು ಹಿಡಿ ಅಕ್ಕಿ, ಅದರ ನಡುವೆ ಗೇಣುದ್ದದ ಬಿಳಿ ನೂಲಿನ ಕುಚ್ಚು.

"ಏನಮ್ಮಾ ಇದು?" ಎಂದ.

ಪಳನಿಯಮ್ಮ ತುಟಿ ಬಿಚ್ಚಲಿಲ್ಲ. ಮ್ಯಾನೇಜರ್ ಮೋಹನ್‌ರಾಜ್ ಬಂದು ಕೇಳಿದ. ಆಗಲೂ ಇಲ್ಲ. ಅವನಿಗಾದರೂ ಬೇಕಾಗಿದ್ದದ್ದು ಅದೇ. ಅಂದು ಬೆಳಿಗ್ಗೆಯಷ್ಟೇ ಹಳೆಯ ಮಗ್ಗಗಳನ್ನು ಬಿಚ್ಚಿ ಗುಜರಿ ಲಾರಿಗೆ ಹಾಕಿದ್ದರು. ಹೊಸ ಮಗ್ಗಗಳಿಗೆ ಅಷ್ಟು ಜನ ಬೇಡ. ಖಾಯಂ ಕೆಲಸದವರನ್ನು ಹೇಗಪ್ಪಾ ಸಾಗಹಾಕುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದವನಿಗೆ ದಾರಿ ತಾನಾಗಿಯೇ ತೆರೆದಿತ್ತು. "ಕಂಪನಿ ಮಾಲು ಕದ್ದಿದ್ದೀಯ. ನಾಳೆಯಿಂದ ಬರಬೇಡ" ಎಂದುಬಿಟ್ಟ. ನೋಟೀಸಿಲ್ಲ, ವಿಚಾರಣೆಯಿಲ್ಲ. ಅಷ್ಟು ವರ್ಷದ ದುಡಿಮೆ ಒಂದು ಮಾತಿಗೆ ಮುಗಿದುಹೋಯಿತು.

ಅವಳೇಕೆ ಬಾಯಿ ಬಿಡಲಿಲ್ಲ ಎಂಬುದು ಅವಳ ಅತ್ತೆ ರಾಮಾತಾಳಿಗೆ ಮಾತ್ರ ಗೊತ್ತಿತ್ತು. ತಲೆಮಾರುಗಳಿಂದ ಕೊಯಮತ್ತೂರಿನ ಸೀಮೆಯಲ್ಲಿ ನೇಯ್ದು ಬದುಕಿದ ಆ ಕನ್ನಡದ ಮನೆಯಲ್ಲಿ ಒಂದು ನೇಮವಿತ್ತು. ಮಗ್ಗ ಬಿಚ್ಚುವ ದಿನ ಕೊನೆಯ ಹಾಸಿನ ಉದ್ದ ಎಳೆಗಳಿಂದ ಒಂದು ಕುಚ್ಚು ಕತ್ತರಿಸಿಕೊಳ್ಳಬೇಕು. ನೇಕಾರರಿಗೆ ನೂಲು ಬೇರೆಯಲ್ಲ, ಅನ್ನ ಬೇರೆಯಲ್ಲ. ಆದ್ದರಿಂದ ಅದನ್ನು ಕಾಲ ಬಳಿ ಬೀಳುವ ಚೀಲದಲ್ಲಿಡದೆ ಅಕ್ಕಿಯಲ್ಲಿಟ್ಟೇ ತರಬೇಕು. ಮುಂದಿನ ಮಗ್ಗದ ಎಳೆಗೆ ಅದನ್ನು ಸೇರಿಸಿ ಕೆಚ್ಚುವ ತನಕ ಅದರ ವಿಷಯ ಯಾರ ಮುಂದೆಯೂ ಉಸಿರೆತ್ತಬಾರದು. ಎತ್ತಿದರೆ ಮುಂದಿನ ಮಗ್ಗ ಕೈಗೆ ಹತ್ತುವುದಿಲ್ಲ. ರಾಮಾತಾಳ್ ಒಮ್ಮೆ ಎತ್ತಿದ್ದಳು. ಮನೆಯ ಕೈಮಗ್ಗ ಮಾರಿದ ದಿನ ಸೀರೆಯಂಚಿನ ಕೆಂಪು ಕುಚ್ಚನ್ನು ಬೀದಿಗೆಲ್ಲ ತೋರಿಸಿ, ಇನ್ನೊಂದು ಮಗ್ಗ ಬಂದೇ ಬರುತ್ತದೆಂದು ಹೇಳಿಕೊಂಡು ತಿರುಗಿದ್ದಳು. ಮಗ್ಗ ಬರಲೇ ಇಲ್ಲ. ಆ ಕೆಂಪು ಕುಚ್ಚು ದೇವರ ಗೂಡಿನಲ್ಲೇ ಉಳಿಯಿತು. ಸೊಸೆಗೆ ಆ ನೇಮವನ್ನು ತಲೆಗೆ ಮೊಟಕಿ ಮೊಟಕಿ ಕಲಿಸಿದವಳೂ ಅವಳೇ.

ಲೇತ್ ವರ್ಕ್‌ಶಾಪಿನಲ್ಲಿ ದುಡಿಯುವ ಗಂಡ ದೊರೈಸಾಮಿ ಸಿಡಿಮಿಡಿಗೊಂಡ. "ಬುಡು ಪಳನಿ. ಮಿಲ್ಲೋರೇ ಏಳ್ತಾವರಲ್ಲ, ರಾಜೀನಾಮೆ ಬರ್ದುಕೊಟ್ರೆ ದುಡ್ಡು ಕೊಡ್ತೀವಿ ಅಂತ. ಈಸ್ಕೊಂಡು ಬಾ."

"ದುಡ್ಡು ಈಸ್ಕೊಂಡ್ರೆ ನಾ ಕಳ್ಳೀಂತ ಒಪ್ಕೊಂಡಂಗಲ್ಲವಾ?" ಎಂದು ಪಳನಿಯಮ್ಮ ತಟ್ಟೆ ಸರಿಸಿ ಎದ್ದಳು. "ಆ ಗೇಟಲ್ಲಿ ಕಳ್ಳೀಂತ ಆಚೆ ತಳ್ಳವರೆ. ಆ ಗೇಟಲ್ಲೇ ಒಳಗೆ ಓಗ್ಬೇಕು ನಾನು."

ಕಾರ್ಮಿಕ ಸಂಘದ ವಕೀಲೆ ತಮಿಳ್‌ಸೆಲ್ವಿ ಕೇಸು ಹಾಕಿದಳು. ವಿಚಾರಣೆ ಮಾಡದೆ ಹೊರಹಾಕಿದ್ದೇ ತಪ್ಪು ಎಂಬ ವಾದ ಅವಳ ಕೈಯಲ್ಲಿತ್ತು. ಆದರೆ ಮಿಲ್ಲಿನವರು, ಈಗ ನ್ಯಾಯಾಲಯದಲ್ಲೇ ಕಳ್ಳತನ ರುಜುವಾತು ಮಾಡುತ್ತೇವೆ ಎಂದು ಪಟ್ಟು ಹಿಡಿದು ಕೂತರು. "ಅಕ್ಕಾ, ಯಾಕೆ ಬಚ್ಚಿಟ್ಟಿರಿ? ನನಗಾದರೂ ಹೇಳಿ" ಎಂದು ತಮಿಳ್‌ಸೆಲ್ವಿ ತಮಿಳಿನಲ್ಲಿ ಅಂಗಲಾಚಿದಳು. ಪಳನಿಯಮ್ಮ ನಕ್ಕು ಸುಮ್ಮನಾದಳು. ಇಂಥ ಕಕ್ಷಿಗಾರಳನ್ನು ಕಟ್ಟಿಕೊಂಡ ಆ ವಕೀಲೆಯ ತಾಳ್ಮೆ ದೊಡ್ಡದು. ನಾನಾಗಿದ್ದರೆ ಫೈಲು ಎಸೆದು ಎದ್ದು ಹೋಗುತ್ತಿದ್ದೆ.

ಹಿಯರಿಂಗಿನ ಮೇಲೆ ಹಿಯರಿಂಗು ಕಳೆದು ಕೊನೆಗೂ ಪಳನಿಯಮ್ಮ ಸಾಕ್ಷಿಯ ಕಟಕಟೆಗೆ ಹತ್ತುವ ದಿನ ಬಂತು. ರಾಮಾತಾಳ್ ಹಟ ಹಿಡಿದು ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಮಿಲ್ಲಿನ ವಕೀಲರು ಪ್ಲಾಸ್ಟಿಕ್ ಕವರಿನಲ್ಲಿ ಮೊಹರು ಹಾಕಿದ್ದ ಮಾಲನ್ನು ಮೇಜಿನ ಮೇಲಿಟ್ಟರು. ನ್ಯಾಯಾಧೀಶರು ಕನ್ನಡಕ ಏರಿಸಿ ನೋಡಿದರು.

"ಇಷ್ಟೇನಾ?"

"ಎಷ್ಟು ಎಂಬುದಲ್ಲ ಪ್ರಶ್ನೆ, ಸ್ವಾಮಿ. ಅಕ್ಕಿಯಲ್ಲಿ ಹೂತಿಟ್ಟಿದ್ದಾಳೆ. ಕೇಳಿದರೆ ಬಾಯಿ ಬಿಡಲಿಲ್ಲ. ತಪ್ಪಿಲ್ಲದವಳು ಬಚ್ಚಿಡುವುದೇಕೆ?" ಎಂದು ವಕೀಲರು ಕಟಕಟೆಯತ್ತ ತಿರುಗಿದರು. "ಹೇಳಮ್ಮಾ. ಯಾಕೆ ಬಚ್ಚಿಟ್ಟೆ?"

ಪಳನಿಯಮ್ಮ ಕಟಕಟೆಯ ಕಂಬಿ ಹಿಡಿದುಕೊಂಡಳು. ಹೇಳಿದರೆ ಕೆಲಸ ಸಿಕ್ಕಿಯೂ ಮಗ್ಗ ಕೈಗೆ ಹತ್ತುವುದಿಲ್ಲ. ಹೇಳದಿದ್ದರೆ ಜೀವಮಾನವೆಲ್ಲ ಕಳ್ಳಿ. ನೇಮದ ಮೇಲೆ ಅವಳಿಗೆ ಸಿಟ್ಟು ಬಂತು, ಕಣ್ಣು ತುಂಬಿತು. ಆದರೂ ಬಾಯಿ ತೆರೆಯಲಿಲ್ಲ. ಮೋಹನ್‌ರಾಜ್ ಮೀಸೆಯಡಿಯಲ್ಲಿ ನಕ್ಕದ್ದು ಅಷ್ಟು ದೂರದಿಂದಲೂ ಕಂಡಿತು.

ಆಗ ಹಿಂದಿನ ಬೆಂಚು ಕಿರ್ರೆಂದಿತು.

"ಅವಳ ಬಾಯಿ ಕಟ್ಟಾಕಿರೋದು ನಾನು! ನನ್ನ ಕೇಳಿ! ಅವಳ್ನ ಬುಡಿ!"

ಸಿಟ್ಟಿನಲ್ಲಿ ರಾಮಾತಾಳಿಗೆ ತಮಿಳು ಬರುವುದಿಲ್ಲ, ಕನ್ನಡವೇ ನುಗ್ಗುತ್ತದೆ. ಕೋರ್ಟಿನಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಜವಾನ ಓಡಿಬಂದ. ಕಟಕಟೆಯಿಂದ ಪಳನಿಯಮ್ಮ ಕೂಗಿದಳು: "ಬ್ಯಾಡ ಅತ್ತೆ! ಕೆಚ್ಚೋ ಮುಂಚೆ ಏಳ್ಬಾರ್ದು!"

"ಏಳೋಳು ನೀನಲ್ಲ ಅಮ್ಮಣಿ, ನಾನು. ನನ್ನ ಮಗ್ಗ ಎಂದೋ ಓಯ್ತು. ಇನ್ನ ಓಗಕ್ಕೆ ಏನೈತೆ? ನೀ ನಿನ್ನ ಬಾಯಿ ಬಿಗೀ ಇಟ್ಕೋ!"

ತಮಿಳ್‌ಸೆಲ್ವಿಗೆ ಭಾಷೆ ತಿಳಿಯಲಿಲ್ಲ, ಸಂಗತಿ ತಿಳಿಯಿತು. ಥಟ್ಟನೆ ಎದ್ದು, ಈ ಅಜ್ಜಿಯನ್ನು ಸಾಕ್ಷಿಯಾಗಿ ಕರೆಯಲು ಅನುಮತಿ ಬೇಕೆಂದಳು. ಮಿಲ್ಲಿನ ವಕೀಲರು ತಕರಾರು ಎತ್ತಿದರು. ನ್ಯಾಯಾಧೀಶರು ಕೈಯೆತ್ತಿ ತಡೆದು, ಮಧ್ಯಾಹ್ನ ಕೇಳೋಣ ಎಂದರು. ಊಟ ಮುಗಿಸಿ ಸಿಟ್ಟಿಳಿದ ರಾಮಾತಾಳ್ ಕಟಕಟೆ ಹತ್ತಿ, ತಮಿಳಿನಲ್ಲಿ ಕುಚ್ಚು, ಅಕ್ಕಿ, ಮೌನ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಿಲ್ಲಿನ ವಕೀಲರು ಕಟ್ಟುಕತೆ ಎಂದರು. ಅವಳು ಸೆರಗಿನ ಗಂಟು ಬಿಚ್ಚಿ, ದೇವರ ಗೂಡಿನಿಂದ ತಂದಿದ್ದ, ಅಕ್ಕಿಕಾಳು ಸಿಕ್ಕಿಕೊಂಡಿದ್ದ ತನ್ನ ಕೆಂಪು ಕುಚ್ಚನ್ನು ತೆಗೆದು ಬಿಳಿಯ ಕುಚ್ಚಿನ ಪಕ್ಕ ಇಟ್ಟಳು. "ಇದನ್ನು ಯಾವ ಮಿಲ್ಲಿನಿಂದ ಕದ್ದೆ, ಹೇಳಪ್ಪಾ" ಎಂದು ಕೇಳಿದಳು. ಕೋರ್ಟಿನಲ್ಲಿ ನಗೆ ಎದ್ದಿತು. ಪಳನಿಯಮ್ಮ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ತೀರ್ಪು ಬಂತು. ಕಳ್ಳತನ ರುಜುವಾತಾಗಿಲ್ಲ, ವಿಚಾರಣೆಯಿಲ್ಲದೆ ಹೊರಹಾಕಿದ್ದು ಸಲ್ಲದು, ಅದೇ ಕೆಲಸಕ್ಕೆ ಹಿಂದಕ್ಕೆ ತೆಗೆದುಕೊಳ್ಳಬೇಕು. ತಮಿಳ್‌ಸೆಲ್ವಿ ಫೋನಿನಲ್ಲಿ ಹೇಳುತ್ತಿದ್ದಂತೆಯೇ ಪಳನಿಯಮ್ಮ ಬರಿಗಾಲಲ್ಲೇ ಬೀದಿಗೆ ಓಡಿ ದೊರೈಸಾಮಿಯ ವರ್ಕ್‌ಶಾಪಿನ ತನಕ ಹೋದಳು. ಲೇತಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸಲಿಲ್ಲ. ಅವಳ ಮುಖ ನೋಡಿಯೇ ಮೆಷಿನ್ ನಿಲ್ಲಿಸಿದ.

ಕೆಲಸಕ್ಕೆ ಹೊರಟ ಬೆಳಿಗ್ಗೆ ರಾಮಾತಾಳ್ ತಾನೇ ಬೋಸಿಗೆ ಅಕ್ಕಿ ಹಾಕಿ, ಕೋರ್ಟಿನಿಂದ ಬಿಡಿಸಿಕೊಂಡು ಬಂದ ಬಿಳಿ ಕುಚ್ಚಿನ ಪಕ್ಕದಲ್ಲಿ ತನ್ನ ಕೆಂಪನ್ನೂ ಇಟ್ಟಳು. ಗೇಟಿನಲ್ಲಿ ಅದೇ ದೇವರಾಜನ್. ಮುಚ್ಚಳ ತೆಗೆದವನು ಒಂದರ ಜಾಗದಲ್ಲಿ ಎರಡನ್ನು ಕಂಡು ತಲೆಯಲ್ಲಾಡಿಸಿದ.

"ಹೊರಗೆ ಒಯ್ಯಬಾರದು ಎಂದು ರೂಲ್ಸ್ ಇದೆ. ಒಳಗೆ ತರಬಾರದು ಎಂದು ಎಲ್ಲೂ ಇಲ್ಲ. ನಡಿಯಮ್ಮಾ" ಎಂದು ದಾರಿ ಬಿಟ್ಟ.

ಹೊಸ ಮಗ್ಗ ಬೇರೆಯೇ ಜಾತಿಯದು. ಹೊಕ್ಕಿನ ಅಡ್ಡನೂಲನ್ನು ಗಾಳಿಯಲ್ಲೇ ಊದಿ ದಾಟಿಸುತ್ತದೆ, ಬುಸುಬುಸು ಸದ್ದು ಬೇರೆ. ಸುತ್ತಲಿನವರೆಲ್ಲ ಎಳೆ ಹರಿಯದಿರಲಿ ಎಂದು ಬೇಡಿಕೊಂಡರೆ ಪಳನಿಯಮ್ಮ ಕುಚ್ಚು ಕೆಚ್ಚಲು ಒಂದಾದರೂ ಹರಿಯಲಿ ಎಂದು ಬೇಡಿಕೊಂಡಳು, ಅದೂ ಅಂಚಿನದೇ ಆಗಲಿ, ಬಟ್ಟೆಯಂಚಿನ ಪಟ್ಟಿಯನ್ನು ಹೇಗೂ ಕತ್ತರಿಸಿ ಎಸೆಯುತ್ತಾರೆ. ಹಾಳು ಮಗ್ಗ ಓಡುತ್ತಲೇ ಇತ್ತು. ಊಟದ ಹೊತ್ತಾಯಿತು, ಊಟಕ್ಕೂ ಹೋಗಲಿಲ್ಲ. ಅತ್ತೆ ಬಾಯಿ ಬಿಟ್ಟದ್ದು ತನಗೇ ತಟ್ಟಿತೇ ಎಂದು ಬೋಸಿಯ ಮುಚ್ಚಳ ತೆಗೆದು ತೆಗೆದು ನೋಡಿದಳು. ಕೊನೆಗೆ ಮಗ್ಗ ಗಕ್ಕನೆ ನಿಂತು, ಮೇಲಿನ ದೀಪ ಹೊತ್ತಿಕೊಂಡಿತು. ಎಡ ಅಂಚಿನ ಎಳೆ ಹರಿದಿತ್ತು.

ಹಾರಿ ಬಂದಳು. ಬಿಳಿ ಎಳೆಗೆ ಕೆಂಪು ಎಳೆಯನ್ನು ಗಂಟು ಹಾಕಿ, ಎರಡನ್ನೂ ಹರಿದ ತುದಿಗೆ ಕೆಚ್ಚಿ, ಹಣಿಗೆಯ ಹಲ್ಲುಗಳ ನಡುವೆ ತೂರಿಸಿ ಬಟನ್ ಒತ್ತಿದಳು. ಮಗ್ಗ ಓಡಿತು. ಅಂಚಿನಲ್ಲಿ ಕೆಂಪು ಕಾಣಿಸಿ ಬಟ್ಟೆಯೊಳಗೆ ಸೇರಿಹೋಯಿತು.

ಸಂಜೆ ಹೊಸ್ತಿಲಲ್ಲಿ ಕಾಯುತ್ತಿದ್ದ ರಾಮಾತಾಳ್ ಬಾಯಿ ಬಿಡದೆ ಬೋಸಿಯತ್ತ ಮಾತ್ರ ಕೈ ತೋರಿಸಿದಳು.

"ಈಗ ಮಾತಾಡ್ಬೋದು ಅತ್ತೆ. ಕೆಚ್ಚಾಯ್ತು. ಎರಡೂ."

"ನಂದೂವಾ?"

"ನಿಮ್ದೇ ಮುಂದೆ ಓಯ್ತು."

ರಾಮಾತಾಳ್ ಸೊಸೆಯ ಕೈಬೆರಳುಗಳನ್ನು ಹಿಡಿದು ನೋಡಿದಳು. ಆಮೇಲೆ, "ನಾಳೆ ನನ್ನೂ ಗೇಟು ಗಂಟ ಕರ್ಕೊಂಡೋಗು ಅಮ್ಮಣಿ" ಎಂದಳು. "ನನ್ನ ಮಗ್ಗ ಎಂಗೆ ಸದ್ದು ಮಾಡ್ತದೇಂತ ಕೇಳ್ಬೇಕು."