ಹೆಸರು ಕೊರೆಸಿದ ಕೊಪ್ಪರಿಗೆ

ಹುಣಸೆಯ ಹುಳಿಗೆ ಆಕೆಯ ಬೆರಳ ತುದಿಗಳು ಬಿಳುಚಿ ಬಿರಿದಿರುತ್ತಿದ್ದವು. ಆ ಕೈಯಿಂದ ಗಲ್ಲ ಸವರಿದರೆ ಗರಗಸ ಆಡಿಸಿದ ಹಾಗಾಗುತ್ತಿತ್ತು. ಹಿಂದೂಪುರದ ನಮ್ಮ ಬೀದಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ ಆಕೆ ನಮಗೆ ನೆಂಟಳಲ್ಲ. ಆದರೂ ಎಲ್ಲರಿಗೂ ದೊಡ್ಡಮ್ಮ. ಒಮ್ಮೆ ಹಗೆ ಹಿಡಿದರೆ ಬಿಡುವ ಜೀವವಲ್ಲ. ನಾನು ಆಕೆಯಲ್ಲಿ ಮೆಚ್ಚಿದ್ದೂ ಅದನ್ನೇ.

ಎಪ್ಪತ್ತರ ದಶಕದ ಕೊನೆಗೆ ನಮ್ಮಕ್ಕನ ಮದುವೆಯಾಯಿತು. ಅಡುಗೆಯ ಕೊಪ್ಪರಿಗೆಗಳನ್ನು ನಮ್ಮ ಹುಣಸೆ ಕೊಳ್ಳುತ್ತಿದ್ದ ಮಂಡಿ ಸಾಹುಕಾರರ ಮನೆಯಿಂದ ತಂದಿದ್ದೆವು; ಅಷ್ಟು ದೊಡ್ಡವು ಬೀದಿಯಲ್ಲಿ ಇನ್ಯಾರ ಬಳಿಯೂ ಇರಲಿಲ್ಲ. ಅಪ್ಪ ಆ ವರ್ಷದ ಹುಣಸೆಯನ್ನು ಬೇರೆ ಮಂಡಿಗೆ ಹಾಕಿದ್ದ ಸುದ್ದಿ ಧಾರೆಯ ಹೊತ್ತಿಗೆ ಸರಿಯಾಗಿ ಅವರ ಕಿವಿಗೆ ಬಿತ್ತು. ಆಳುಗಳು ಬಂದು, ಅರ್ಧ ಬೆಂದ ಅನ್ನವನ್ನು ಈಚಲ ಚಾಪೆಯ ಮೇಲೆ ಸುರಿದು ಪಾತ್ರೆ ಎತ್ತಿಕೊಂಡು ಹೋದರು. ಬೀಗರ ಮುಂದೆ ಅಪ್ಪ ತಲೆ ಎತ್ತಲಿಲ್ಲ. ಬೀದಿಯವರು ತಂತಮ್ಮ ಒಲೆಯಲ್ಲಿ ಅಕ್ಕಿ ಬೇಯಿಸಿ ತಂದರು, ಊಟವೇನೋ ಆಯಿತು. ದೊಡ್ಡಮ್ಮ ಒಂದು ತುತ್ತೂ ಮುಟ್ಟಲಿಲ್ಲ.

"ನಮ್ ಪರುವು ಮರ್ವಾದೆ ಎಲ್ಲಾ ಚಾಪೆ ಮ್ಯಾಲೆ ಸುರಿದ್ಬುಟ್ರು ಕಣಪ್ಪ," ಎಂದಳು ಅಪ್ಪನಿಗೆ. "ಇನ್ನು ಆ ಬಾಗ್ಲಿಗೆ ಈ ಬೀದಿಯೋರು ಯಾರೂ ಹೋಗ್ಬಾರ್ದು. ಅವ್ರೇ ನಮ್ಮತ್ರ ಬರ್ಬೇಕು."

ಮಾರನೆಯ ದಿನವೇ ಸೆರಗೊಡ್ಡಿ ಮನೆಮನೆ ತಿರುಗಿದಳು. ಒಡಕು ಚೊಂಬು, ಮುರಿದ ದೀಪ, ಮುಚ್ಚಳವಿಲ್ಲದ ಡಬ್ಬಿ, ಹಿತ್ತಾಳೆಯಾದರೆ ಏನಾದರೂ ಸರಿ. ಬೀದಿ ಗುಡಿಸುವವಳು ತನ್ನ ಸವೆದ ಸೌಟು ಕೊಟ್ಟಳು. ತವರೂರು ಕಲ್ಯಾಣದುರ್ಗಕ್ಕೂ ಹೋಗಿ ಒಂದು ಮೂಟೆ ಹೊತ್ತು ತಂದಳು. ಲಗೇಜು ಎಂದು ತಗಾದೆ ತೆಗೆದ ಕಂಡಕ್ಟರನಿಂದ ಅಂಗಿಯ ಹಿತ್ತಾಳೆ ಗುಂಡಿಯನ್ನೂ ವಸೂಲು ಮಾಡಿದಳಂತೆ.

ಎರಡು ವರ್ಷ ಕೂಡಿಸಿದ್ದನ್ನೆಲ್ಲ ಕಂಚುಗಾರನಿಗೆ ಹಾಕಿ ಕೊಪ್ಪರಿಗೆ ಮಾಡಿಸಿದಳು. ಪಾತ್ರೆಗೆ ಮನೆಯ ಯಜಮಾನನ ಹೆಸರು ಕೊರೆಸುವುದು ನಮ್ಮಲ್ಲಿ ವಾಡಿಕೆ. ದೊಡ್ಡಮ್ಮ ಕೊಟ್ಟವರೆಲ್ಲರ ಹೆಸರೂ ಕೊರೆಸಿದಳು. ಗುಡಿಸುವವಳದು ಮೊದಲು, ತನ್ನದು ಎರಡನೆಯದು. ಅಲ್ಲಿಂದಾಚೆ ಬೀದಿಯ ಮದುವೆಗೂ ತಿಥಿಗೂ ಅದೇ ಒಲೆಗೇರಿತು.

ತೊಂಬತ್ತರ ದಶಕದಲ್ಲಿ ಆಕೆ ಹಾಸಿಗೆ ಹಿಡಿದಾಗ, ಇನ್ನಾದರೂ ಸಾಹುಕಾರರನ್ನು ಕ್ಷಮಿಸಿಬಿಡು ಎಂದು ಅಕ್ಕನೇ ಬೇಡಿಕೊಂಡಳು.

"ಬಿಡಲ್ಲ ಕಣಮ್ಮ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಕೇಳಾಕೆ ಬತ್ತಾರೆ ಕಣ್ಲಾ. ಬಂದಾಗ ಇಲ್ಲ ಅನ್ಬೇಡ," ಎಂದಳು.

ಆಕೆ ತೀರಿಕೊಂಡ ಮರುವರ್ಷ ಸಾಹುಕಾರರೂ ಹೋದರು. ಅದಕ್ಕೆ ಮುಂಚೆಯೇ ಆಸ್ತಿ ಪಾಲಾಗುವಾಗ ಮಕ್ಕಳು ಪಾತ್ರೆಗಳನ್ನೆಲ್ಲ ಮಾರಿಕೊಂಡಿದ್ದರು. ತಿಥಿಯ ಹಿಂದಿನ ದಿನ ಹಿರಿಯ ಮಗ, ಆಗ ಕೊಪ್ಪರಿಗೆ ಇದ್ದ ನಮ್ಮ ಮನೆಯ ಬಾಗಿಲಿಗೆ ಬಂದು, ನೆಲ ನೋಡುತ್ತ ಅದನ್ನು ಕೇಳಿದ. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ. ಮರುದಿನ ಬೆಳಿಗ್ಗೆ ತಳ್ಳುಗಾಡಿಯಲ್ಲಿ ನಾನೇ ಒಯ್ದೆ. ಅವರು ಹೆಸರುಗಳನ್ನು ಗೋಡೆಯ ಕಡೆ ಮಾಡಿ ಒಲೆಗಿಟ್ಟರು. ನಾನು ಅದನ್ನು ಬೀದಿಗೆ ತಿರುಗಿಸಿ, ಕೊನೆಯ ಪಂಕ್ತಿ ಏಳುವವರೆಗೂ ಪಕ್ಕದಲ್ಲೇ ನಿಂತಿದ್ದೆ.